ಸಾಧು ಮೀನು

ನದಿಯ ದಂಡೆಯ ಆಶ್ರಮದಲ್ಲಿ ತ್ರ್ಯಂಬಕನೇ ಹಿರಿಯ ಶಿಷ್ಯ. ಗುರುಗಳ ಬಲಗಡೆಯ ಚಾಪೆ ಅವನದು. ಹಾಗೆಂದು ಯಾರೂ ಹೇಳಿರಲಿಲ್ಲ. ಬೇರೆ ಯಾರಾದರೂ ಅಲ್ಲಿ ಕೂತರೆ, ಅವರು ಏಳುವವರೆಗೆ ಅವನು ಸುಮ್ಮನೆ ಎದುರಿಗೆ ನಿಂತಿರುತ್ತಿದ್ದ, ಅಷ್ಟೆ.

ಹೀಗಿರುವಾಗ ಮಲ್ಲಿನಾಥ ಎಂಬ ಹೊಸಬ ಬಂದ. ಬಾಗಿಲ ಬಳಿ, ಚಪ್ಪಲಿಗಳ ಪಕ್ಕದಲ್ಲಿ ಕೂತು ಏನೋ ಒಂದು ಪ್ರಶ್ನೆ ಕೇಳಿದ. ಗುರುಗಳು ನಕ್ಕುಬಿಟ್ಟರು.

ತ್ರ್ಯಂಬಕನ ಪ್ರಶ್ನೆಗಳಿಗೆ ಗುರುಗಳು ಉತ್ತರ ಕೊಟ್ಟಿದ್ದುಂಟು. ನಕ್ಕಿದ್ದಿಲ್ಲ.

ಅಂದಿನಿಂದ ಅವನಿಗೆ ಊಟ ಸೇರಲಿಲ್ಲ. ಮಲ್ಲಿನಾಥನ ಮೇಲೆ ದ್ವೇಷವೇನೂ ಇರಲಿಲ್ಲ. ಅವನ ಆತ್ಮೋದ್ಧಾರ ಆಚೆ ದಡದ ಆಶ್ರಮದಲ್ಲಾದರೆ ಇನ್ನೂ ಬೇಗ ಆದೀತೆಂಬ ಕಾಳಜಿ ಮಾತ್ರ.

ಆ ದಿನಗಳಲ್ಲೇ ಭಕ್ತರೊಬ್ಬರು ಗಾಜಿನ ಮೀನಿನ ತೊಟ್ಟಿಯೊಂದನ್ನು ತಂದುಕೊಟ್ಟರು.

"ಸಾಧು ಮೀನು ನೋಡಿ ತಾ," ಎಂದರು ಗುರುಗಳು ತ್ರ್ಯಂಬಕನಿಗೆ.

ಪೇಟೆಯ ಅಂಗಡಿಯವನು ನೀಲಿ ಅಕಾರ ಎಂಬ ಮೀನನ್ನು ತೋರಿಸಿದ. "ಇದು ಸಿಕ್ಲಿಡ್ ಜಾತಿ ಸ್ವಾಮಿ. ಆ ಜಾತಿಯಲ್ಲಿ ಜಗಳಗಂಟರೇ ಜಾಸ್ತಿ. ಇದು ಮಾತ್ರ ಸಾಧು."

"ಸಾಧು ಅಂದಮೇಲೆ ಮುಗೀತಲ್ಲ."

"ಎಲ್ಲಿ ಮುಗೀತು? ಬಾಯಲ್ಲಿ ಹಿಡಿಸೋ ಪುಟ್ಟ ಮೀನನ್ನ ಇದರ ಜೊತೆ ಬಿಡಬೇಡಿ. ಸಾಧು ಆದರೂ ಹೊಟ್ಟೆ ಇರತ್ತಲ್ಲ."

ಮೀನು ತೊಟ್ಟಿಯ ಬಲಮೂಲೆಯ ಕಲ್ಲಿನಡಿ ನೆಲೆಸಿತು. ಅಲ್ಲಿಂದ ಕದಲಲಿಲ್ಲ. ತ್ರ್ಯಂಬಕನಿಗೆ ಅದರ ಮೇಲೆ ಗೌರವ ಹುಟ್ಟಿತು.

ಕೆಲವು ವಾರಗಳಾದ ಮೇಲೆ ಗುರುಗಳೆಂದರು, "ಪಾಪ, ಒಂಟಿ. ಇದೇ ಜಾತಿಯದು, ಇದೇ ಗಾತ್ರದ್ದು ಇನ್ನೊಂದು ತಾ."

ತಂದು ಬಿಟ್ಟ. ಹಳೆಯದು ಕಲ್ಲಿನಡಿಯಿಂದ ಹೊರಬಂದು ಹೊಸದರ ಬಾಲ ಕಚ್ಚಿತು. ಹೊಸದು ಎಲ್ಲಿ ಹೋದರೂ ಬೆನ್ನಟ್ಟಿತು. ತ್ರ್ಯಂಬಕ ಬೆಳಗೆಲ್ಲ ಅಲ್ಲೇ ನಿಂತು ನೋಡಿದ. ಅಂದು ಮಧ್ಯಾಹ್ನ ಹುಳಿಯನ್ನ ಮತ್ತೊಮ್ಮೆ ಬಡಿಸಿಕೊಂಡ.

ಆಮೇಲೆ ಗುರುಗಳ ಬಳಿ ಹೋದ. "ಹೊಸದು ಹೊಂದಿಕೊಳ್ಳುತ್ತಿಲ್ಲ ಗುರುಗಳೇ. ಕೆಲವರಿಗೆ ಕೆಲವು ಜಾಗ ಆಗಿಬರುವುದಿಲ್ಲ. ಕಳಿಸಿಬಿಡುವುದು ಅವರಿಗೇ ಒಳ್ಳೆಯದು."

"ಯಾರಿಗೆ?"

"ಮೀನಿಗೆ."

"ಕಚ್ಚಿದ್ದು ಯಾವುದು?"

"ಹಳೆಯದು. ಆದರೆ ಅದು ಸಾಧು. ಹೊಸದು ಬರುವವರೆಗೆ ಒಂದು ದಿನವೂ ಯಾರನ್ನೂ ಕಚ್ಚಿರಲಿಲ್ಲ."

"ಹೊಸದು ಬರುವವರೆಗೆ ಕಚ್ಚಲು ಯಾರಿದ್ದರು?"

ಗುರುಗಳು ಅಂಗಿಯ ತೋಳು ಮಡಿಸಿಕೊಂಡು ತೊಟ್ಟಿಗೆ ಕೈ ಹಾಕಿದರು. ಕಲ್ಲುಗಳನ್ನೆಲ್ಲ ಎತ್ತಿ ಅದಲುಬದಲು ಮಾಡಿ ಇಟ್ಟರು. ನೀರು ತಿಳಿಯಾದಾಗ ಹಳೆಯ ಮೀನಿಗೆ ತನ್ನ ಮೂಲೆ ಸಿಗಲಿಲ್ಲ. ಹುಡುಕುತ್ತ ಹೊರಟಿತು. ಹೊಸದೂ ಹುಡುಕುತ್ತಿತ್ತು. ಎದುರಾದಾಗ ಎರಡೂ ಪಕ್ಕಕ್ಕೆ ಸರಿದು ಮುಂದೆ ಹೋದವು.

"ಹಳೆಯದಕ್ಕೆ ಅನ್ಯಾಯವಾಯಿತು," ಎಂದ ತ್ರ್ಯಂಬಕ. "ಅದರ ಮನೆಯೇ ಹೋಯಿತಲ್ಲ."

"ನೀರು ಇದೆಯಲ್ಲ," ಎಂದರು ಗುರುಗಳು.

ಮರುದಿನ ಬೆಳಗ್ಗೆ ತ್ರ್ಯಂಬಕ ಎಂದಿನಂತೆ ಎಲ್ಲರಿಗಿಂತ ಮೊದಲು ಬಂದು ತನ್ನ ಚಾಪೆಯ ಮೇಲೆ ಕೂತ. ಉಳಿದವರೂ ಬಂದರು. ಗುರುಗಳು ಒಳಗೆ ಬಂದವರು ಬಾಗಿಲ ಬಳಿಯೇ, ಚಪ್ಪಲಿಗಳ ಪಕ್ಕದಲ್ಲಿ ಕೂತುಬಿಟ್ಟರು.

ತ್ರ್ಯಂಬಕನ ಎಡಕ್ಕೆ, ಗುರುಗಳು ಕೂರುತ್ತಿದ್ದಲ್ಲಿ, ಈಗ ಬರಿಯ ಗೋಡೆ. ಅವನು ಚಾಪೆ ಸುತ್ತಿಕೊಂಡು ಬಾಗಿಲಿಗೆ ಧಾವಿಸಿದ. ಗುರುಗಳ ಬಲಗಡೆ ಮಲ್ಲಿನಾಥ ಕೂತಿದ್ದ. ಹೊಸಬನಾದ್ದರಿಂದ ಅವನು ದಿನವೂ ಅಲ್ಲೇ ಕೂರುತ್ತಿದ್ದ.

ತ್ರ್ಯಂಬಕ ಸುಮ್ಮನೆ ಅವನೆದುರು ನಿಂತ.

ಮಲ್ಲಿನಾಥ ತಲೆಯೆತ್ತಿ ನೋಡಿದ. "ಬನ್ನಿ ಅಣ್ಣಾ," ಎಂದು ಸರಿದು ಅರ್ಧ ಚಾಪೆ ಬಿಟ್ಟುಕೊಟ್ಟ.

ಅರ್ಧ ಚಾಪೆಯಲ್ಲಿ ಕೂರುವ ಅಭ್ಯಾಸ ತ್ರ್ಯಂಬಕನಿಗೆ ಇರಲಿಲ್ಲ. ಸುತ್ತಿದ ಚಾಪೆಯನ್ನು ಕಂಕುಳಲ್ಲಿ ಅವುಚಿಕೊಂಡು, "ಗುರುಗಳೇ, ಹಾಗಾದರೆ ನನ್ನ ಜಾಗ ಯಾವುದು?" ಎಂದ.

ಗುರುಗಳೆಂದರು, "ಸ್ವಲ್ಪ ಹೊತ್ತು ಈಜು."