ನಲವತ್ತೊಂದನೆಯ ಹ್ಞೂಂ

ಸೋಮಲಿಂಗಜ್ಜ ಕಥೆ ಹೇಳಲು ಕೂತರೆ ತುಂಗಭದ್ರೆಯ ಮೀನುಗಳು ದಡಕ್ಕೆ ಬಂದು ಕಿವಿಗೊಡುತ್ತಿದ್ದವು. ಮೀನಿಗೆ ಕಿವಿ ಎಲ್ಲಿದೆ ಎಂದು ಕೇಳುವವರು ಅಜ್ಜನ ಕಥೆ ಕೇಳಿದವರಲ್ಲ.

ಅಂಥ ಅಜ್ಜನ ಶಿಷ್ಯ ಪಂಪಾಪತಿ. ಹೊಳೆಯ ದಂಡೆಯ ಆಶ್ರಮದಲ್ಲಿ ಹನ್ನೆರಡು ವರ್ಷ ಕೂತು ಕಥೆ ಕಲಿತವನು. ಊರಿಗೆ ಹೊರಟಾಗ ಅಜ್ಜ ಒಂದೇ ಮಾತು ಹೇಳಿ ಕಳಿಸಿದ್ದರು.

"ಹ್ಞೂಂ ಅನ್ನೋರು ಇಲ್ಲದಾಗ ಕಥಿ ಹೇಳಬ್ಯಾಡ."

ಪಂಪಾಪತಿ ಹ್ಞೂಂ ಎಂದ. ಊರು ಮುಟ್ಟುವಷ್ಟರಲ್ಲಿ ಮರೆತ.

ಊರಲ್ಲಿ ಶಾಲೆಯ ಮೇಷ್ಟ್ರಾದ. ಕಂಪ್ಯೂಟರಿನೊಳಗೆ ಒಂದು ಓಲಗವನ್ನೂ ಶುರುಮಾಡಿದ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಲವತ್ತು ಊರುಗಳಿಂದ ನಲವತ್ತು ಜನ ಪರದೆಯ ಮೇಲೆ ಬಂದು ಕೂರುತ್ತಿದ್ದರು, ಒಬ್ಬೊಬ್ಬರಿಗೆ ಒಂದೊಂದು ಕಿಟಕಿ. ಐನೂರು ವರ್ಷದ ಹಿಂದಿನ ರಾಜಸಭೆಯ ಹಾಗೆ ಕಥೆ, ಹಾಡು, ಷಟ್ಪದಿ. ಹಾಸಿಗೆಯ ಹೊದಿಕೆಯೇ ತಲೆಗೆ ರುಮಾಲು.

ನಿಯಮ ಬಲು ಬಿಗಿ. ಆ ಕಾಲದಲ್ಲಿ ಇಲ್ಲದ ವಸ್ತುವಿನ ಹೆಸರೆತ್ತುವ ಹಾಗಿಲ್ಲ. ದಾವಣಗೆರೆಯ ಮಹಾಕವಿಯೊಬ್ಬರು ರಣರಂಗದ ವರ್ಣನೆಗೆ ಒಣಮೆಣಸಿನಕಾಯಿ ತಂದರು. ಮೆಣಸಿನಕಾಯಿ ನಮ್ಮ ನಾಡಿಗೆ ಬಂದದ್ದು ಆಮೇಲೆ! ಅವರಿಗೆ ಎರಡು ವಾರ ಗಡೀಪಾರು.

ಕಥೆಗೆ ಹ್ಞೂಂ ಬೇಕಲ್ಲ, ನಲವತ್ತು ಜನವೂ ಹ್ಞೂಂಗುಟ್ಟುತ್ತಿದ್ದರು. ಆದರೆ ಬೀದರಿನ ಹ್ಞೂಂ ಯಾವಾಗಲೂ ಒಂದು ವಾಕ್ಯ ತಡ. ಅರಸನಿಗೆ ಮಗ ಹುಟ್ಟಿದ್ದಕ್ಕೆ ಹೊರಟ ಸಂತೋಷದ ಹ್ಞೂಂ, ರಾಣಿ ಸತ್ತ ಮಾತಿನ ಮೇಲೆ ಬಂದು ಬೀಳುತ್ತಿತ್ತು. ನಡುವೆ ಯಾರದೋ ಮನೆಯ ಕುಕ್ಕರಿನ ಸೀಟಿ.

ಒಂದು ಭಾನುವಾರ ಪಂಪಾಪತಿಯ ತಾಳ್ಮೆ ತಪ್ಪಿತು. ಅವತ್ತು ತಾನೇ ಕಟ್ಟಿದ ಹೊಸ ಕಥೆ. ಗುಂಡಿ ಒತ್ತಿ, ನಲವತ್ತೂ ಬಾಯಿಗಳನ್ನು ಒಮ್ಮೆಲೇ ಬಂದ್ ಮಾಡಿದ.

ಆಹಾ, ಎಂಥ ನಿಶ್ಶಬ್ದ!

"ಒಬ್ಬ ಅರಸ, ಅವನಿಗೊಬ್ಬ ದೂತ," ಎಂದು ಶುರುಮಾಡಿದ. "ಅರಸ ಹೇಳಿದ: ಹೊಳೆ ದಾಟಿ ಆಚೆ ದಡದಲ್ಲಿ ನಿಲ್ಲು. ನಾನು ಕೂಗುವವರೆಗೆ ಕದಲಬೇಡ. ದೂತ ದಾಟಿದ. ನಿಂತ."

"ಹ್ಞೂಂ."

ಪಂಪಾಪತಿ ಪರದೆ ನೋಡಿದ. ನಲವತ್ತು ಜೊತೆ ತುಟಿಗಳೂ ಮುಚ್ಚಿದ್ದವು. ಕೆಳಗೆ ಮೂಲೆಯಲ್ಲಿ ನಲವತ್ತೊಂದನೆಯ ಕಿಟಕಿ. ಹೆಸರಿಲ್ಲ, ಮುಖವಿಲ್ಲ. ಹರಿಯುವ ಬೂದು ನೀರು ಮಾತ್ರ.

"ಹ್ಞೂಂ," ಎಂದಿತು ಮತ್ತೆ. ಬಹಳ ಕಾಲ ಮಾತಾಡದೇ ಇದ್ದ ಗಂಟಲು. ಮುಂದೇನು ಎಂದು ಕೇಳುವ ಹಾಗಿತ್ತು.

ಪಂಪಾಪತಿ ಕಂಪ್ಯೂಟರಿನ ತಂತಿಯನ್ನೇ ಕಿತ್ತೆಸೆದ.

ಮರುದಿನ ಓಲಗದ ಧ್ವನಿಮುದ್ರಣ ಹಾಕಿ ಕೇಳಿದ. ಅವನ ದನಿ ಅದರಲ್ಲಿ ಇರಲೇ ಇಲ್ಲ. ಕಥೆ ಇರಬೇಕಾದ ಕಡೆ ನೀರಿನ ಸದ್ದು. ಕೊನೆಗೆ ಎರಡು ಹ್ಞೂಂ.

"ಒಂದು ಲೋಟ ನೀರು ಕೊಡು," ಎಂದ ಹೆಂಡತಿಗೆ.

"ಹ್ಞೂಂ," ಎಂದಿತು ಅವನ ಬೆನ್ನ ಹಿಂದೆ. ಹೆಂಡತಿಗೂ ಕೇಳಿಸಿತು. ಲೋಟ ಕೈಜಾರಿತು.

ಶಾಲೆಯಲ್ಲಿ ಎರಡರ ಮಗ್ಗಿ ಹೇಳಿದರೆ ಸಾಲುಸಾಲಿಗೂ ಹ್ಞೂಂ. ಮಕ್ಕಳು ಮೊದಲು ನಕ್ಕರು. ಆಮೇಲೆ ನಗಲಿಲ್ಲ. ಮೂರನೆಯ ದಿನ ಒಂದು ಮಗುವೂ ತರಗತಿಗೆ ಬರಲಿಲ್ಲ.

ಪಂಪಾಪತಿ ಮಾತು ಬಿಟ್ಟ. ಮಾತೇ ಅನ್ನ, ಮಾತೇ ಉಸಿರು ಆಗಿದ್ದವನು ಬಾಯಿಗೆ ಟವೆಲ್ ಕಟ್ಟಿಕೊಂಡು ಆಶ್ರಮದ ದಾರಿ ಹಿಡಿದ. ಇದು ತೊಲಗದಿದ್ದರೆ ಇನ್ನು ಸಾಯುವವರೆಗೂ ಕಥೆಯಿಲ್ಲ.

ನಡುಮಧ್ಯಾಹ್ನ. ಅಜ್ಜ ಹೊಳೆಯ ಬಂಡೆಯ ಮೇಲೆ ಕೌದಿ ಒಣಹಾಕುತ್ತಿದ್ದರು.

"ಯಾಕೋ ತಮ್ಮಾ, ಹಲ್ಲು ನೋವೇನು?"

ಪಂಪಾಪತಿ ಟವೆಲ್ ಬಿಚ್ಚಿದ. "ನನ್ನ ಕಾಪಾಡ್ರಿ ಅಜ್ಜಾರ."

"ಹ್ಞೂಂ."

ಅಜ್ಜನ ಕೈ ನಿಂತಿತು. "ಇಬ್ಬರು ಬಂದೀರಿ ಅನ್ನು. ಮೊದಲ ಹೇಳಬಾರದ? ಒಬ್ಬಗ ಸಾಲುವಷ್ಟ ರೊಟ್ಟಿ ಮಾಡೇನಿ."

ಪಂಪಾಪತಿ ನಡೆದದ್ದನ್ನೆಲ್ಲ ಹೇಳಿದ. ಅವನ ಒಂದೊಂದು ಮಾತಿಗೂ ಹ್ಞೂಂ ಬಂತು.

"ನಲವತ್ತು ಮಂದಿ ಬಾಯಿ ಮುಚ್ಚಿಸಿದಿ?"

"ಅವರ ಹ್ಞೂಂ ನನ್ನ ಕಥಿ ಕೆಡಸ್ತಿತ್ತರಿ."

"ಕಥಿ ಎಲ್ಲಿಗೆ ಬಿಟ್ಟಿ?"

"ದೂತ ಆಚೆ ದಂಡ್ಯಾಗ ನಿಂತಾನ್ರಿ."

"ಇನ್ನೂ ನಿಂತಾನ," ಎಂದರು ಅಜ್ಜ, ಆಚೆ ದಡ ನೋಡುತ್ತ. ಪಂಪಾಪತಿ ಆ ಕಡೆ ನೋಡಲಿಲ್ಲ.

ಅಜ್ಜ ಕೌದಿ ಹಾಸಿ ಕೂತರು. "ಮುಗಸು. ನಾ ಹ್ಞೂಂ ಅಂತೀನಿ."

ಪಂಪಾಪತಿ ಪಕ್ಕದಲ್ಲಿ ಕೂತು ಮೊದಲಿನಿಂದ ಹೇಳತೊಡಗಿದ. ಪ್ರತಿ ಮಾತಿಗೂ ಎರಡು ಹ್ಞೂಂ ಬರುತ್ತಿದ್ದವು, ಒಂದು ಅಜ್ಜನದು, ಒಂದು ನೀರಿನ ಕಡೆಯಿಂದ. ಅವನು ಅವಸರ ಮಾಡಿದ.

"ಕಡೀಕ ಅರಸಗ ನೆನಪಾತು. ಹರಿಗೋಲು ಕಳಿಸಿದ. ದೂತ ಮನಿಗೆ ಬಂದು ಹೆಂಡತಿ ಮಕ್ಕಳ ಜೋಡಿ ಸುಖವಾಗಿದ್ದ."

"ಹ್ಞೂಂ," ಎಂದರು ಅಜ್ಜ.

ಇನ್ನೊಂದು ಹ್ಞೂಂ ಬರಲಿಲ್ಲ.

"ಹೋತ್ರಿ ಅಜ್ಜಾರ! ಹೋತು!"

"ಹೋಗಿಲ್ಲ. ಒಪ್ಪಿಲ್ಲ."

ಆಗ ಪಂಪಾಪತಿಗೆ ಗೊತ್ತಾಯಿತು. ಹೊಳೆ ಹರಿಯುತ್ತಿತ್ತು, ಸದ್ದು ಮಾತ್ರ ಇರಲಿಲ್ಲ.

"ಅಂವನ್ನ ಸಾಗಹಾಕಬೇಕಂತ ಹೇಳಿದಿ," ಎಂದರು ಅಜ್ಜ. "ಖರೇ ಹೇಳು."

"ನಾನ ಕಟ್ಟಿದ ಕಥಿರೀ. ಖರೇ ಎಲ್ಲಿಂದ ತರಲಿ?"

"ಕಟ್ಟಿದವಗ ಗೊತ್ತಿರತೈತಿ. ಅರಸ ಕೂಗಿದನೇನು?"

"ಇಲ್ರಿ. ಕೂಗಲಿಲ್ಲ."

"ಹ್ಞೂಂ." ಈ ಸಲ ಹತ್ತಿರದಿಂದ.

"ಅರಸ ಮರೆತ. ಅರಸ ಸತ್ತ. ಕೋಟೀನೂ ಬಿತ್ತು. ಯಾರೂ ಕೂಗಲಿಲ್ಲ."

"ಹ್ಞೂಂ."

ಬಂಡೆಯ ಮೇಲೆ ಒಂದು ಒದ್ದೆ ಹೆಜ್ಜೆ ಮೂಡಿತು. ಆಮೇಲೆ ಇನ್ನೊಂದು. ಸುಡುವ ಬಿಸಿಲಿಗೂ ಆರಲಿಲ್ಲ.

"ಅಜ್ಜಾರ, ಮುಂದ ನನಗ ಗೊತ್ತಿಲ್ರಿ!" ಎಂದ ಪಂಪಾಪತಿ. "ಅಷ್ಟು ವರ್ಷ ಒಬ್ಬನ ನಿಂತು ಅಂವ ಏನು ನೋಡಿದನೋ, ಏನು ನೆನೆಸಿದನೋ, ಖರೇನ ನನಗ ಗೊತ್ತಿಲ್ಲ."

ಯಾರೂ ಹ್ಞೂಂ ಎನ್ನಲಿಲ್ಲ.

ಅಜ್ಜ ಸ್ವಲ್ಪ ಸರಿದು ಕೂತರು. ಗುರು ಶಿಷ್ಯರ ನಡುವೆ ಒಬ್ಬರು ಕೂರುವಷ್ಟು ಜಾಗವಾಯಿತು. ಅಲ್ಲಿ ಕೌದಿ ಮೆಲ್ಲಗೆ ತಗ್ಗಿತು. ನೀರು ಹೀರಿ ಕಪ್ಪಾಯಿತು.

ಪಂಪಾಪತಿ ಎದ್ದು ಓಡಲು ನೋಡಿದ. ಅಜ್ಜ ಕೈ ಚಾಚಿ ಅವನ ತೋಳು ಹಿಡಿದರು.

"ಕೂಡು. ಇನ್ನ ಅಂವ ಹೇಳ್ತಾನ. ನೀ ಹ್ಞೂಂ ಅನ್ನು."