ಜೋಳಿಗೆಯಲ್ಲಿ ಇಲ್ಲದ್ದು

ಭೀಮೆಯ ದಂಡೆಯಲ್ಲಿ ಒಂದು ಸಣ್ಣ ಮಠ. ಹೊಳೆ ಉಕ್ಕಿ ಊರು ಮುಳುಗಿದಾಗಲೆಲ್ಲ ಅಲ್ಲಿಂದ ಹುಡುಗರು ನೆರವಿಗೆ ಹೋಗುತ್ತಿದ್ದರು. ಅವರನ್ನು ತಯಾರು ಮಾಡುವವರು ಗುರುಪಾದಜ್ಜ. ಅಜ್ಜನ ಪಾಠಕ್ಕೆ ಪುಸ್ತಕ ಇರಲಿಲ್ಲ, ಪರೀಕ್ಷೆ ಮಾತ್ರ ಇತ್ತು.

ಆ ವರ್ಷದ ಹೊಸ ಶಿಷ್ಯ ರೇವಯ್ಯ. ನೊಂದವರಿಗೆ ಏನು ಬೇಕೆಂದು ತಿಳಿಯುವುದು ಹೇಗೆ ಎಂದು ಪಟ್ಟಣದಲ್ಲಿ ಮೂರು ದಿನ ತರಬೇತಿ ಮುಗಿಸಿ, ಚೀಲದ ತುಂಬ ಫಾರಂ ಹೊತ್ತು ತಂದಿದ್ದ. ಹುಡುಗ ಒಳ್ಳೆಯವನೇ. ಮೂರು ದಿನದಲ್ಲಿ ಎಲ್ಲ ಕಲಿತೆ ಎಂದುಕೊಂಡಿದ್ದ, ಅಷ್ಟೇ.

ಆಗ ಆಚೆ ದಡದ ತೆಗ್ಗಿನಹಾಳಕ್ಕೆ ಹೊಳೆ ಬಂದು ಹೋಗಿ ಹನ್ನೊಂದು ದಿನವಾಗಿತ್ತು. ದಾರಿ ಕೊಚ್ಚಿಹೋಗಿತ್ತು. ಸಾಮಾನು ಹೊರುವ ದೊಡ್ಡ ದೋಣಿ ನಾಡಿದ್ದು ಬೆಳಿಗ್ಗೆ ಮಠಕ್ಕೆ ಬರುವುದಿತ್ತು. ಅದೂ ಒಂದೇ ಸಲ. ಆಮೇಲೆ ಅದು ಕೆಳಗಿನ ಊರುಗಳಿಗೆ ಹೋದರೆ ಎಂಟು ದಿನ ಇತ್ತ ತಿರುಗಿಯೂ ನೋಡುವುದಿಲ್ಲ.

ಅದರಲ್ಲಿ ಏನು ತುಂಬಬೇಕೆಂದು ಹೇಳುವ ಕೆಲಸವನ್ನು ಅಜ್ಜ ರೇವಯ್ಯನಿಗೆ ಒಪ್ಪಿಸಿದರು.

ರೇವಯ್ಯ ಹರಿಗೋಲಿನಲ್ಲಿ ಹೊಳೆ ದಾಟಿದ. ಗುಡಿಯ ಕಟ್ಟೆಯ ಮೇಲೆ ಕುಳಿತು ಫಾರಂ ಬಿಚ್ಚಿದ. ಜನ ಸಾಲುಗಟ್ಟಿ ಬಂದರು. ಸುತ್ತ ನಿಂತ ಮಕ್ಕಳು ಬಾಯಲ್ಲಿ ಏನೋ ಕಟಕಟ ಅಗಿಯುತ್ತ ಅವನ ಪೆನ್ನನ್ನೇ ನೋಡುತ್ತಿದ್ದವು. ಶೇಂಗಾ ಇರಬೇಕು ಎಂದುಕೊಂಡ. ಮಧ್ಯಾಹ್ನದ ಹೊತ್ತಿಗೆ ಕೆಲಸ ಮುಗಿಯಿತು.

ಮಠಕ್ಕೆ ಬಂದು ಪಟ್ಟಿಯನ್ನು ಅಜ್ಜನ ಮುಂದಿಟ್ಟ. "ಅರವತ್ತು ಮನಿ ಬರಕೊಂಡೀನಿ ಅಪ್ಪಾರ. ಎಲ್ಲಾರೂ ಅಕ್ಕಿ ಮತ್ತು ಹೊದಿಕಿ ಬೇಕಂದ್ರು."

"ಮೊದಲ ಬಂದ ನೆರವಿನವ್ರು ಏನು ಕೊಟ್ಟು ಹೋಗ್ಯಾರ?"

"ಅಕ್ಕಿ, ಹೊದಿಕಿ."

"ಹೂಂ." ಅಜ್ಜ ಪಟ್ಟಿಯನ್ನು ತಿರುಗಿಸಿ ಹಿಂಬದಿ ನೋಡಿದರು. ಅಲ್ಲಿ ಏನೂ ಇರಲಿಲ್ಲ. "ಕಟ್ಟೀತನಕ ನಡದು ಬರಲಾರದವ್ರ ಹೆಸರು ಎಲ್ಲಿ ಬರದಿ, ತಮ್ಮಾ?"

ರೇವಯ್ಯ ಪಟ್ಟಿಯನ್ನು ಮಡಿಸಿ ಚೀಲಕ್ಕೆ ಹಾಕಿದ.

ಅಜ್ಜ ಎದ್ದು ಗೂಟಕ್ಕೆ ತೂಗುಹಾಕಿದ್ದ ತಮ್ಮ ಹಳೆಯ ಕಾವಿ ಜೋಳಿಗೆಯನ್ನು ತೆಗೆದರು. ಅವನ ಹೆಗಲಿಗೆ ಹಾಕಿದರು.

"ನಾಳೆ ಮತ್ತ ಹೋಗು. ಫಾರಂ ಇಲ್ಲೇ ಇಟ್ಟು ಹೋಗು. ಭಿಕ್ಷಾ ಬೇಡ್ಕೊಂಡು ಬಾ. ಒಂದ್ ಮನೀನೂ ಬಿಡಬ್ಯಾಡ. ಹಳ್ಳದ ಆಚೀದೂ ಬಿಡಬ್ಯಾಡ."

ರೇವಯ್ಯ ಹಿಂದಕ್ಕೆ ಸರಿದ. "ಮುಳುಗಿದ ಊರಾಗ ಭಿಕ್ಷೇನ್ರೀ ಅಪ್ಪಾರ? ಕಲ್ಲು ಹೊಡೀತಾರ!"

"ಹೊಡದ್ರ ಹಾಕ್ಕೊಂಡು ಬಾ. ಒಲಿ ಹೂಡಾಕ ಬರ್ತಾವು."

ಮರುದಿನ ಬೆಳಿಗ್ಗೆ ರೇವಯ್ಯ ತೆಗ್ಗಿನಹಾಳದ ಮೊದಲ ಮನೆಯ ಮುಂದೆ ನಿಂತ. ಗೋಡೆ ಎರಡೇ ಉಳಿದಿದ್ದವು. ಅವನಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ತನ್ನ ದನಿ ತನಗೇ ಕೇಳದಷ್ಟು ಮೆಲ್ಲಗೆ ಕೂಗಿದ. "ಭಿಕ್ಷಾ ನೀಡ್ರವ್ವಾ..."

ಒಳಗಿಂದ ಒಬ್ಬ ಮುದುಕಿ ಬಂದಳು. ತಿಪ್ಪವ್ವ ಎಂದು ಅವಳ ಹೆಸರು. ನಿನ್ನೆ ಸಾಲಿನಲ್ಲಿ ತಲೆ ತಗ್ಗಿಸಿ ನಿಂತಿದ್ದವಳು ಅವಳೇ. ಅವಳು ಜೋಳಿಗೆಯನ್ನು ನೋಡಿದಳು, ಅವನ ಮುಖ ನೋಡಿದಳು.

ಬೈಗುಳಕ್ಕೆ ರೇವಯ್ಯ ತಯಾರಾಗಿದ್ದ.

"ನಿಂದರ್ರಿ ಅಯ್ಯನೋರ," ಅಂದಳು ಮುದುಕಿ. ಒಳಗೆ ಹೋಗಿ ಮುಖ ತೊಳೆದಳು, ಕೆದರಿದ ಕೂದಲು ಒತ್ತಿಕೊಂಡು ತಲೆಯ ಮೇಲೆ ಸೆರಗು ಹೊದ್ದಳು. ಬೊಗಸೆ ತುಂಬ ಅಕ್ಕಿ ತಂದು ಜೋಳಿಗೆಗೆ ಸುರಿದಳು. ಅವಳ ಕಣ್ಣಲ್ಲಿ ನೀರಿತ್ತು, ಬಾಯಲ್ಲಿ ನಗು ಇತ್ತು.

"ಹನ್ನೊಂದು ದಿನಾ ಬರೇ ಚಾಚಿದ ಕೈ ಇದು. ಇವತ್ತ ನೀಡೋ ಕೈ ಆತು ನೋಡ್ರಿ."

ನಿನ್ನೆ ಇದೇ ಕೈ ರೇವಯ್ಯನ ಫಾರಮ್ಮಿನ ಮೇಲೆ ಹೆಬ್ಬೆಟ್ಟು ಒತ್ತಿತ್ತು. ಆಗ ಅವನು ಬರೀ ಹೆಬ್ಬೆಟ್ಟನ್ನು ನೋಡಿದ್ದ.

ಅಲ್ಲಿಂದ ಮುಂದೆ ಅವನು ಕೂಗುವ ಪ್ರಸಂಗವೇ ಬರಲಿಲ್ಲ. ಅಯ್ಯನೋರು ಭಿಕ್ಷೆಗೆ ಬಂದಿದ್ದಾರೆ ಎಂಬ ಸುದ್ದಿ ಅವನಿಗಿಂತ ಮೊದಲೇ ಓಣಿ ದಾಟಿತ್ತು. ಮನೆ ಇದ್ದವರು ಮನೆಯ ಮುಂದೆ, ಇಲ್ಲದವರು ಮನೆ ಇದ್ದ ಜಾಗದ ಮುಂದೆ, ಸೆರಗು ಸರಿಮಾಡಿಕೊಂಡು ಕಾಯುತ್ತಿದ್ದರು. ಒಂದೆಡೆ ಗೋಡೆಯೇ ಇರಲಿಲ್ಲ, ಹೊಸ್ತಿಲು ಮಾತ್ರ ಉಳಿದಿತ್ತು. ಆ ಮನೆಯವಳು ಹೊಸ್ತಿಲ ಒಳಬದಿಯಲ್ಲೇ ನಿಂತು ನೀಡಿದಳು. ಅವನೂ ಹೊರಬದಿಯಲ್ಲೇ ನಿಂತು ತೆಗೆದುಕೊಂಡ.

ನೀಡಿದವರು ಸುಮ್ಮನೆ ಕಳಿಸಲಿಲ್ಲ, ಕೂಡಿಸಿಕೊಂಡು ಮಾತಾಡಿದರು. ಎಷ್ಟೋ ಮಾತು. ಎಮ್ಮೆ ಈಜಿದ್ದು, ತೊಟ್ಟಿಲು ತೇಲಿದ್ದು, ಗೌಡ ಮರ ಹತ್ತಿದ್ದು. ಮರ ಹತ್ತಿದ ಗೌಡ ಇಳಿಯಲಾರದೆ ಅತ್ತದ್ದನ್ನು ಹೇಳಿ ಎಲ್ಲರೂ ನಕ್ಕರು. ಫಾರಮ್ಮಿನಲ್ಲಿ ಇದಕ್ಕೆಲ್ಲ ಜಾಗ ಇರಲಿಲ್ಲ.

ಒಂದು ಮನೆಯ ಮುಂದೆ ಚಿಕ್ಕ ಹುಡುಗಿಯೊಬ್ಬಳು ತನ್ನ ಬಾಯಿಗೆ ಹಾಕಿಕೊಳ್ಳಬೇಕಿದ್ದದ್ದನ್ನು ತಂದು ಜೋಳಿಗೆಗೆ ಹಾಕಿದಳು. ರೇವಯ್ಯ ಬಗ್ಗಿ ನೋಡಿದ. ಶೇಂಗಾ ಅಲ್ಲ. ಹಸಿ ಅಕ್ಕಿ.

ಕೊನೆಗೆ ಹಳ್ಳ ದಾಟಿದ. ಆಚೆ ದಿನ್ನೆಯ ಮೇಲೆ, ಬೇವಿನ ಮರದ ಬುಡಕ್ಕೆ, ಹೊಲ ಕಾಯಲು ಹಾಕಿದ್ದ ಒಂದೇ ಒಂದು ಗುಡಿಸಲು. ಗುಡಿಸಲ ಬಾಗಿಲಲ್ಲಿ ಹೆಂಗಸೊಬ್ಬಳು ಕೂತಿದ್ದಳು. ಹುಲಿಗೆವ್ವ. ಹೊಳೆ ಬಂದ ಎರಡನೆಯ ದಿನ ಹಡೆದ ಬಾಣಂತಿ. ಗಂಡ ದನ ಹೊಡೆದುಕೊಂಡು ಎತ್ತರದ ಊರಿಗೆ ಹೋದವನು ಇನ್ನೂ ತಿರುಗಿ ಬಂದಿರಲಿಲ್ಲ. ಕೂಸನ್ನು ಸೀರೆಯೊಳಗೆ ಮೈಗೆ ಹಚ್ಚಿ ಬಿಗಿಯಾಗಿ ಕಟ್ಟಿಕೊಂಡಿದ್ದಳು. ಅವಳ ತುಟಿ ನೀಲಿಗಟ್ಟಿತ್ತು.

ಇವಳ ಹೆಸರು ಪಟ್ಟಿಯಲ್ಲಿ ಇರಲಿಲ್ಲ. ಬಾಣಂತಿ ಕಟ್ಟೆಗೆ ಬರುವುದು ಹೇಗೆ?

ರೇವಯ್ಯ ಬಾಯಿ ತೆರೆಯದೆ ಹಿಂದೆ ತಿರುಗಿದ.

"ಅಯ್ಯನೋರ!" ಹಿಂದಿನಿಂದ ಗದರಿದ ದನಿ. "ಜೋಳಿಗಿ ಹಾಕ್ಕೊಂಡು ಬಾಗಲಕ ಬಂದವ್ರು ಹಂಗ ಹೊಳ್ಳಿ ಹೋಗ್ತಾರೇನು?"

"ಬ್ಯಾಡವ್ವಾ. ನಿನ್ನ ಹಂತೇಲಿ ಏನೈತಿ ನೀಡಾಕ..."

"ಮನಿ ಕೊಚ್ಕೊಂಡು ಹೋಗೇತಿ. ರೀತಿ ಕೊಚ್ಕೊಂಡು ಹೋಗಿಲ್ಲ."

ಅವಳು ಒಂದು ಕೈಯಿಂದ ಕೂಸನ್ನು ಒತ್ತಿ ಹಿಡಿದು ಎದ್ದಳು. ಇನ್ನೊಂದು ಕೈ ಎತ್ತಿ ಸೂರಿನ ಜಂತಿಗೆ ಕಟ್ಟಿದ್ದ ಗಂಟು ಬಿಚ್ಚಿದಳು. ಒಂದು ಮುಷ್ಟಿ ಬಿಳಿಜೋಳ ತೆಗೆದಳು. ಹಿಂಗಾರಿಗೆ ಬಿತ್ತಲು ಇಟ್ಟ ಬೀಜ. ಕುತ್ತಿಗೆಮಟ್ಟ ನೀರಿನಲ್ಲಿ ತಲೆಯ ಮೇಲೆ ಹೊತ್ತು ತಂದದ್ದು.

ಬೀಜ ಜೋಳಿಗೆಗೆ ಬಿತ್ತು. ರೇವಯ್ಯನ ಕೈ ತಾನಾಗಿ ಮುಗಿಯಿತು. ಬಾಗಿ ಅವಳ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ಗುರುವಿನ ಪಾದ ಮುಟ್ಟಿದಾಗಲೂ ಅವನಿಗೆ ಹೀಗೆ ಅನ್ನಿಸಿರಲಿಲ್ಲ.

ನೀಡಿ ಮುಗಿಸಿ ಹುಲಿಗೆವ್ವ ಕೂತಳು. ಈಗ ಅವಳ ದನಿ ಇಳಿದಿತ್ತು, ಮಗ್ಗಲ ಮನೆಯವರನ್ನು ಕೇಳುವ ಹಾಗೆ ಕೇಳಿದಳು.

"ಅಯ್ಯನೋರ, ನೀವು ಊರೆಲ್ಲಾ ತಿರಗ್ಯಾಡಿ ಬಂದೀರಿ. ಯಾರ ಮನ್ಯಾಗರ ಒಂದು ಕೆಂಡ ಐತೇನ್ರಿ? ಕೂಸಿಗಿ ಕಾಸಬೇಕಿತ್ತು."

ರೇವಯ್ಯ ನೆನೆದು ನೋಡಿದ. ಅರವತ್ತು ಬಾಗಿಲಲ್ಲಿ ನಿಂತು ಬಂದಿದ್ದ. ಯಾವ ಮನೆಯಲ್ಲೂ ಹೊಗೆ ಕಂಡಿರಲಿಲ್ಲ.

"ಇಲ್ಲವ್ವಾ. ಎಲ್ಲೂ ಇಲ್ಲ," ಅಂದ.

ಬರುವ ದಾರಿಯಲ್ಲಿ ತಿಪ್ಪವ್ವನ ಮನೆಯ ಮುಂದೆ ಮತ್ತೆ ನಿಂತ. "ಯಜ್ಜಿ, ಬೆಂಕಿ ಇಲ್ಲಂತ ನಿನ್ನೆ ಯಾಕ ಹೇಳಲಿಲ್ಲ?"

ಮುದುಕಿ ಅವನನ್ನು ಮಗುವನ್ನು ನೋಡುವಂತೆ ನೋಡಿದಳು. "ಸಗಣಿ ಕುಳ್ಳು ಹೋದ್ವು, ಕಟಗಿ ಹೋದ್ವು, ಕಡ್ಡಿಪೆಟಗಿ ಹಸಿ ಆದ್ವು. ಆದ್ರ ಬೆಂಕೀನ ಯಾರರ ಪರಊರವ್ರಿಗೆ ಕೇಳ್ತಾರೇನಪ್ಪಾ? ಅದು ಮಗ್ಗಲ ಮನ್ಯಾಗ ಕೇಳೂದು. ನೀವು ಅಕ್ಕಿ ಕೊಡವ್ರಂಗ ಕಂಡ್ರಿ, ಅಕ್ಕಿ ಅಂದ್ವಿ."

ರೇವಯ್ಯ ಮಠ ಸೇರಿದಾಗ ಹೊತ್ತು ಮುಳುಗುತ್ತಿತ್ತು, ಕತ್ತಲಲ್ಲಿ ಹರಿಗೋಲು ಹೊಳೆಗೆ ಇಳಿಯುತ್ತಿರಲಿಲ್ಲ. ಅಜ್ಜ ಅಂಗಳದಲ್ಲಿ ಕಂಬಳಿ ಹಾಸಿದರು. ರೇವಯ್ಯ ಜೋಳಿಗೆ ಬೋರಲು ಹಾಕಿದ. ಅಕ್ಕಿಯ ರಾಶಿ ಬಿತ್ತು, ಅದರಲ್ಲಿ ಅಲ್ಲಲ್ಲಿ ಬೆರೆತ ಒಂದು ಮುಷ್ಟಿ ಜೋಳ.

"ಇದ್ರಾಗ ಏನಿಲ್ಲ?" ಅಜ್ಜ ಕೇಳಿದರು.

"ಬೇಯಿಸಿದ್ದು ಒಂದು ಅಗುಳೂ ಇಲ್ಲ. ಒಂದು ಚೂರು ರೊಟ್ಟಿ ಇಲ್ಲ. ಉಪ್ಪು ಇಲ್ಲ." ಅವನು ಚೀಲದಿಂದ ಪಟ್ಟಿ ತೆಗೆದು ಹರಿದ. "ನಾನು ಅಕ್ಕಿ ಇದ್ದವ್ರಿಗೆ ಅಕ್ಕಿ ಒಯ್ತಿದ್ದೆ ಅಪ್ಪಾರ. ಆ ಕೂಸು ಇನ್ನ ಎಂಟು ದಿನ ತಾಳ್ತಿರಲಿಲ್ಲ."

ಅಜ್ಜ ಆ ಜೋಳದ ಕಾಳುಗಳನ್ನು ಒಂದೊಂದಾಗಿ ಆರಿಸಿ ತಮ್ಮ ಉಡಿಗೆ ಹಾಕಿಕೊಂಡರು. ಇಷ್ಟು ವರ್ಷ ಮಠ ನಡೆಸಿದ ಮುದುಕನ ಕಣ್ಣು ತುಂಬಿದ್ದನ್ನು ರೇವಯ್ಯ ಮೊದಲ ಸಲ ನೋಡಿದ.

"ತಿರುಗಿ ಕೊಡೋಣೇನ್ರಿ ಅಪ್ಪಾರ?"

"ಆಕಿ ನೀಡಿದ್ದನ್ನ ತಿರುಗಿ ಕೊಡಾಕ ನಾವ್ಯಾರು? ಮಠದ ಹೊಲದಾಗ ಬಿತ್ತೂನು."

ಮರುದಿನ ನಸುಕಿಗೆ ದೊಡ್ಡ ದೋಣಿ ಬಂತು. ರೇವಯ್ಯ ಹೇಳಿದ್ದನ್ನೆಲ್ಲ ಹುಡುಗರು ತುಂಬಿದರು. ಒಣಗಿದ ತೊಗರಿಕಟ್ಟಿಗೆ, ಕುಳ್ಳು, ಎಣ್ಣೆಕಾಗದದಲ್ಲಿ ಸುತ್ತಿದ ಕಡ್ಡಿಪೆಟ್ಟಿಗೆ, ಉಪ್ಪು, ಖಾರ, ಗಡಿಗೆ. ಮಠದ ಅಡುಗೆಮನೆಯ ಕೆಂಡವನ್ನು ಬೂದಿ ಮುಚ್ಚಿ ಮಡಕೆಯಲ್ಲಿ ತುಂಬಿ ಅಜ್ಜನೇ ಎತ್ತಿಕೊಂಡು ಬಂದರು. ಅದು ಮೊದಲು ಹಳ್ಳದ ಆಚೆಗೆ ಹೋಗಬೇಕಿತ್ತು. ಮಡಕೆಯನ್ನು ಮಡಿಲಲ್ಲಿಟ್ಟುಕೊಂಡು ರೇವಯ್ಯ ದೋಣಿಯ ಮುಂತುದಿಗೆ ಕೂತ. ಬಿಸಿ ಅವನ ಹೊಟ್ಟೆಗೆ ತಾಗುತ್ತಿತ್ತು.

ಅಂಬಿಗ ಹುಟ್ಟು ಎತ್ತಿದ.

"ತಡಿ," ಅಂದರು ಅಜ್ಜ. ಮೊಣಕಾಲುಮಟ್ಟ ನೀರಿಗೆ ಇಳಿದು ಬಂದು, ಹೆಗಲ ಮೇಲಿದ್ದ ಕಾವಿ ಜೋಳಿಗೆ ತೆಗೆದು ರೇವಯ್ಯನ ಕೊರಳಿಗೆ ಹಾಕಿದರು.

ರೇವಯ್ಯನಿಗೆ ತಿಳಿಯಲಿಲ್ಲ. "ಇವತ್ತ ಯಾಕ್ರೀ ಅಪ್ಪಾರ? ಇವತ್ತ ನಾ ಕೊಡಾಕ ಹೊಂಟೀನಿ."

ಅಜ್ಜ ಜೋಳಿಗೆಯ ಗಂಟನ್ನು ಬಿಗಿ ಮಾಡಿದರು.

"ನಿನ್ನೆ ನಿನ್ನ ಕೈ ಖಾಲಿ ಇತ್ತು, ತಲಿ ತಾನ ಬಾಗಿತ್ತು. ಇವತ್ತ ಕೈ ತುಂಬೇತಿ ತಮ್ಮಾ, ತಲಿ ಎತ್ತೀತು. ಇದನ್ನ ತೆಗೀಬ್ಯಾಡ."