ಊಟದ ಮನೆಯ ಮೌನ

ನದಿಯ ದಂಡೆಯಲ್ಲಿ ಕನ್ಯಾಸ್ತ್ರೀಯರು ನಡೆಸುವ ಒಂದು ಹೈಸ್ಕೂಲು, ಅದಕ್ಕೆ ಅಂಟಿಕೊಂಡಂತೆ ಹೆಣ್ಣುಮಕ್ಕಳ ಹಾಸ್ಟೆಲು. ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬೆನೆದಿಕ್ತಾ. ವಯಸ್ಸಾದವರು, ಮಾತು ಕಡಿಮೆ.

ಆ ವರ್ಷ ಹಾಸ್ಟೆಲಿನ ಲೀಡರು ಹತ್ತನೇ ತರಗತಿಯ ಜಸಿಂತ. ಒಂದು ಕಡೆ ನಿಲ್ಲುವ ಹುಡುಗಿಯಲ್ಲ. ಪ್ರಾರ್ಥನೆಯ ಸಾಲು ನೇರ ಮಾಡಿ ಬಂದವಳು, ಮತ್ತೆ ಹೋಗಿ ನೋಡಿ ಬರುತ್ತಿದ್ದಳು.

ಊಟದ ಹೊತ್ತಿನಲ್ಲಿ ಯಾರೂ ಮಾತಾಡಬಾರದು ಎಂಬುದು ಹಾಸ್ಟೆಲಿನ ನಿಯಮ. ಎಂಟನೇ ತರಗತಿಗೆ ಹೊಸದಾಗಿ ಸೇರಿದ ಮಾದೇವಿಗೆ ಅದು ಆಗುತ್ತಲೇ ಇರಲಿಲ್ಲ.

“ನಮ್ಮನೇಲಿ ಮಾತಾಡ್ಕೊಂಡೇ ಉಣ್ಣೋದು, ಅಕ್ಕ. ಸುಮ್ಕೆ ಕುಂತ್ರೆ ಅನ್ನ ಇಳಿಯಾಕಿಲ್ಲ,” ಅಂದಳು.

ಜಸಿಂತ ಹೇಳಿ ನೋಡಿದಳು, ಗದರಿ ನೋಡಿದಳು. ಕೊನೆಗೆ ಹುಡುಗಿಯರನ್ನೆಲ್ಲ ಕರೆದಳು.

“ಇವಳು ಸರಿಹೋಗೋವರೆಗೂ ಯಾರೂ ಇವಳ ಜೊತೆ ಮಾತಾಡಬೇಡಿ. ಊಟದಲ್ಲೂ ಇಲ್ಲ, ಆಟದಲ್ಲೂ ಇಲ್ಲ.”

ಅಂದಿನಿಂದ ಯಾರೂ ಅವಳ ಜೊತೆ ಮಾತಾಡಲಿಲ್ಲ.

ವಾರ ಕಳೆಯುವಷ್ಟರಲ್ಲಿ ಊಟದ ಮನೆಯಲ್ಲಿ ತಟ್ಟೆಗಳ ಸದ್ದು ಬಿಟ್ಟು ಬೇರೆ ಸದ್ದಿಲ್ಲದಂತಾಯಿತು. ಹೊಗಳಿಕೆ ಸಿಗುತ್ತದೆಂದು ಜಸಿಂತ ಸಿಸ್ಟರ್ ಹತ್ತಿರ ಹೋದಳು.

“ಊಟದ ಮನೆ ಎಷ್ಟು ಶಾಂತವಾಗಿದೆ ನೋಡಿದ್ರಾ, ಸಿಸ್ಟರ್?”

“ನೋಡಿದೆ. ಮಾದೇವಿ ಯಾಕೆ ಅರ್ಧ ಊಟಕ್ಕೇ ಎದ್ದು ಹೋಗ್ತಾಳೆ?”

“ಅದನ್ನ ನಾನು ಗಮನಿಸಿಲ್ಲ.”

“ಗಮನಿಸು,” ಅಂದರು ಸಿಸ್ಟರ್.

ಮಾರನೆಯ ಸಂಜೆ ಪ್ರಾರ್ಥನೆಗೆ ಮಾದೇವಿ ಬರಲಿಲ್ಲ. ಮಲಗುವ ಕೋಣೆಯಲ್ಲಿ ಇರಲಿಲ್ಲ, ಚರ್ಚಿನ ಹಿಂದೆಯೂ ಇರಲಿಲ್ಲ. ಎಲ್ಲರೂ ಒಂದೊಂದು ದಿಕ್ಕಿಗೆ ಹುಡುಕಲು ಹೊರಟರು. ಜಸಿಂತ ಬರಿಗಾಲಲ್ಲೇ ನದಿಯ ಕಡೆ ಓಡಿದಳು.

ಮಾದೇವಿ ಸೊಂಟದವರೆಗಿನ ನೀರಿನಲ್ಲಿದ್ದಳು. ಬಟ್ಟೆಗಂಟು ತಲೆಯ ಮೇಲಿತ್ತು. ಆಚೆ ದಂಡೆಯ ರಸ್ತೆ ಅವಳ ಊರಿಗೆ ಹೋಗುತ್ತಿತ್ತು.

“ಮಾದೇವಿ! ಮುಂದೆ ಸುಳಿ ಇದೆ! ಈಚೆ ಬಾ!”

ಅವಳು ತಿರುಗಲಿಲ್ಲ. ಜಸಿಂತ ನೀರಿಗಿಳಿದು ಅವಳ ರಟ್ಟೆ ಹಿಡಿದು ಎಳೆದುಕೊಂಡು ಬಂದಳು. ದಾರಿಯುದ್ದಕ್ಕೂ ಕ್ಷಮೆ ಕೇಳಿದಳು. ಮಾದೇವಿ ಬಾಯಿ ಬಿಡಲಿಲ್ಲ.

ಒದ್ದೆ ಬಟ್ಟೆಯಲ್ಲೇ ಜಸಿಂತ ಸಿಸ್ಟರ್ ಎದುರು ನಿಂತು ನಡೆದದ್ದನ್ನೆಲ್ಲ ಹೇಳಿದಳು. ಲೀಡರ್ ಬ್ಯಾಡ್ಜ್ ಬಿಚ್ಚಿ ಮೇಜಿನ ಮೇಲಿಟ್ಟಳು.

“ನನಗೆ ಶಿಕ್ಷೆ ಕೊಡಿ, ಸಿಸ್ಟರ್.”

“ಕೊಟ್ಟರೆ ನಿನಗೆ ಸಮಾಧಾನ ಆಗುತ್ತೆ. ಅವಳಿಗೆ?”

ಜಸಿಂತಳಿಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಿಟಕಿಗೆ ಹೋದಳು, ಬಾಗಿಲಿಗೆ ಬಂದಳು.

“ಎಷ್ಟು ಕೇಳಿಕೊಂಡರೂ ಅವಳು ಒಂದು ಮಾತೂ ಆಡ್ತಿಲ್ಲ. ಏನು ಮಾಡ್ಲಿ?”

“ಅವಳ ಮಾತು ನಿಲ್ಲಿಸೋಕೆ ಒಂದು ವಾರ ತಗೊಂಡೆ. ಈಗ ಒಂದೇ ಸಂಜೇಲಿ ಬಾ ಅಂದ್ರೆ ಬರುತ್ತಾ? ಬ್ಯಾಡ್ಜ್ ಹಾಕ್ಕೊ. ಬಟ್ಟೆ ಬದಲಾಯಿಸಿ ಊಟ ಬಡಿಸು, ನಡಿ.”

ಸಿಸ್ಟರ್ ಯಾವತ್ತೂ ಕನ್ಯಾಸ್ತ್ರೀಯರ ಮಠದಲ್ಲೇ ಊಟ ಮಾಡುವವರು. ಆ ದಿನ ಹಾಸ್ಟೆಲಿಗೆ ಬಂದು, ಮಾದೇವಿಯ ಪಕ್ಕದಲ್ಲಿ ನೆಲದ ಮೇಲೆ ಕುಳಿತರು. ಪ್ರಾರ್ಥನೆ ಮುಗಿಯಿತು, ಮೌನದ ಗಂಟೆ ಹೊಡೆಯಿತು.

“ಮಾದೇವಿ,” ಸಿಸ್ಟರ್ ಎಲ್ಲರಿಗೂ ಕೇಳುವಂತೆ ಅಂದರು, “ನಿಮ್ಮೂರಲ್ಲಿ ಹುರುಳಿ ಸಾರಿಗೆ ಬೆಳ್ಳುಳ್ಳಿ ಹಾಕ್ತಾರಾ?”

ತುತ್ತುಗಳು ಕೈಯಲ್ಲೇ ನಿಂತವು. ಮಾದೇವಿ ತಲೆ ಎತ್ತಲಿಲ್ಲ. ಸಿಸ್ಟರ್ ಮತ್ತೆ ಕೇಳಲಿಲ್ಲ, ಅವಸರವಿಲ್ಲದೆ ಉಣ್ಣುತ್ತಾ ಹೋದರು. ಜಸಿಂತ ಸಾರಿನ ಸೌಟು ಹಿಡಿದು ನಿಂತೇ ಇದ್ದಳು.

“ಹಾಕ್ತಾರೆ,” ಅಂದಳು ಮಾದೇವಿ, ತುಂಬ ಹೊತ್ತಾದ ಮೇಲೆ. “ಹಿಂಗಲ್ಲ. ನಮ್ಮವ್ವ ಕೆಂಡದಲ್ಲಿ ಸುಟ್ಟು ಜಜ್ಜಿ ಹಾಕ್ತಾಳೆ.”

ಅವ್ವ ಅನ್ನುತ್ತಿದ್ದಂತೆ ಅಳು ಬಂತು. ಅಳುತ್ತಲೇ ಮಾತಾಡಿದಳು, ಮಾತಾಡುತ್ತಲೇ ಉಂಡಳು.

ಜಸಿಂತ ಸೌಟು ಇಟ್ಟು ಅವಳ ಇನ್ನೊಂದು ಪಕ್ಕದಲ್ಲಿ ಕುಳಿತಳು. ಮಾದೇವಿ ಸ್ವಲ್ಪ ಆಚೆ ಸರಿದಳು. ಎದ್ದು ಮಾತ್ರ ಹೋಗಲಿಲ್ಲ.

ಊಟವಾದ ಮೇಲೆ ಸಿಸ್ಟರ್ ತಟ್ಟೆ ತೊಳೆಯುತ್ತಿದ್ದಾಗ ಜಸಿಂತ ಹತ್ತಿರ ಬಂದಳು.

“ಸಿಸ್ಟರ್, ನಾಳೆಯಿಂದ ಊಟದಲ್ಲಿ ಮೌನ ಬೇಡವಾ?”

“ಬೇಕು.”

“ಇವತ್ತು ನೀವೇ ಮುರಿದ್ರಲ್ಲ?”

ಸಿಸ್ಟರ್ ತಟ್ಟೆಯ ನೀರು ಕೊಡವಿದರು.

“ಪಕ್ಕದಲ್ಲಿ ಕೂತವಳು ಬಿಕ್ಕೋದು ಕೇಳಿಸಲಿ ಅಂತಾನೇ, ಮಗು, ನಾವು ಮಾತು ನಿಲ್ಲಿಸಿ ಉಣ್ಣೋದು.”